ಅವರ ಅಧ್ಯಕ್ಷ, ನಮ್ಮ ಅಧ್ಯಕ್ಷ: ಅಮೆರಿಕದ ಸಂಪ್ರದಾಯವಾದಿಗಳ ನೈತಿಕ ಸಿಟ್ಟಿನ ಕಥೆ

ಎಲ್ಲರಿಗೂ ನಮಸ್ಕಾರ.

1998ರ ಜೂನ್ ತಿಂಗಳಲ್ಲಿ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್‌ನ ವಾರ್ಷಿಕ ಸಭೆ ನಡೆಯಿತು. ಅಮೆರಿಕದ ಪ್ರಾಟೆಸ್ಟಂಟ್ ಪಂಗಡಗಳಲ್ಲೆಲ್ಲ ಇದೇ ದೊಡ್ಡದು. ಆಗ ಅದಕ್ಕೆ ಒಂದೂವರೆ ಕೋಟಿಗೂ ಹೆಚ್ಚು ಸದಸ್ಯರಿದ್ದರು. ದೇಶದ ಅಧ್ಯಕ್ಷ, ಡೆಮಾಕ್ರಟಿಕ್ ಪಕ್ಷದ ಬಿಲ್ ಕ್ಲಿಂಟನ್ ಮತ್ತು ಶ್ವೇತಭವನದಲ್ಲಿ ಇಂಟರ್ನ್ ಆಗಿದ್ದ ಮೋನಿಕಾ ಲೆವಿನ್‌ಸ್ಕಿ ಅವರ ಸಂಬಂಧದ ಸುದ್ದಿ ಹೊರಬಿದ್ದು ಐದು ತಿಂಗಳಾಗಿತ್ತು. ಸಾರ್ವಜನಿಕ ಹುದ್ದೆಯಲ್ಲಿರುವವರ ನಡತೆಯ ಬಗ್ಗೆ ಆ ಸಭೆ ಒಂದು ನಿರ್ಣಯ ಮಾಡಿತು. ನಾಯಕರ ಗಂಭೀರ ತಪ್ಪನ್ನು ಜನ ಸಹಿಸಿಕೊಂಡರೆ ಇಡೀ ಸಂಸ್ಕೃತಿಯ ಅಂತಃಸಾಕ್ಷಿಯೇ ಸುಟ್ಟು ಜಡವಾಗುತ್ತದೆ, ಸಮಾಜದಲ್ಲಿ ಅಂಕೆಯಿಲ್ಲದ ಅನೀತಿ ಹುಟ್ಟುತ್ತದೆ, ಕಡೆಗೆ ದೇವರ ತೀರ್ಪನ್ನು ಎದುರಿಸಬೇಕಾಗುತ್ತದೆ ಎಂದು ಅದರಲ್ಲಿತ್ತು. ಅಲ್ಲಿ ಯಾರ ಹೆಸರೂ ಇರಲಿಲ್ಲ. ಯಾರನ್ನು ಕುರಿತದ್ದು ಎಂದು ಯಾರಿಗೂ ಬಿಡಿಸಿ ಹೇಳಬೇಕಾಗಿಯೂ ಇರಲಿಲ್ಲ.

ಇದರ ಪಕ್ಕದಲ್ಲಿ ಇನ್ನೊಂದು ಸಂಗತಿ ಇಡುತ್ತೇನೆ. ಸಾರ್ವಜನಿಕ ಧರ್ಮಸಂಶೋಧನಾ ಸಂಸ್ಥೆಯೊಂದು 2011ರಲ್ಲಿ ಅಮೆರಿಕನ್ನರನ್ನು ಒಂದು ಪ್ರಶ್ನೆ ಕೇಳಿತು: ಖಾಸಗಿ ಬದುಕಿನಲ್ಲಿ ಅನೈತಿಕವಾಗಿ ನಡೆದುಕೊಂಡ ಜನಪ್ರತಿನಿಧಿ ತನ್ನ ಹುದ್ದೆಯ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಬಲ್ಲನೇ? ಬಿಳಿಯ ಇವ್ಯಾಂಜೆಲಿಕಲ್ ಕ್ರೈಸ್ತರಲ್ಲಿ (ಬೈಬಲ್ಲನ್ನೇ ಪರಮಪ್ರಮಾಣವೆಂದು ನಂಬುವ, ಸದರ್ನ್ ಬ್ಯಾಪ್ಟಿಸ್ಟರಂಥ ಪ್ರಾಟೆಸ್ಟಂಟರು) ‘ಮಾಡಬಲ್ಲ’ ಎಂದವರು ಶೇ. 30 ಮಾತ್ರ. 2016ರ ಅಕ್ಟೋಬರ್‌ನಲ್ಲಿ ಅದೇ ಸಂಸ್ಥೆ ಅದೇ ಪ್ರಶ್ನೆ ಕೇಳಿದಾಗ ಅವರಲ್ಲಿ ಶೇ. 72 ಮಂದಿ ‘ಮಾಡಬಲ್ಲ’ ಎಂದರು. ಐದು ವರ್ಷದಲ್ಲಿ ಇಷ್ಟು ದೊಡ್ಡ ಸಮುದಾಯ, ಇಷ್ಟು ಮೂಲಭೂತವಾದ ಪ್ರಶ್ನೆಯಲ್ಲಿ, ಇಷ್ಟು ದೂರ ಸರಿದದ್ದು ಅಪರೂಪ. ನಡುವೆ ಬೈಬಲ್ ಬದಲಾಗಿರಲಿಲ್ಲ. ಅಭ್ಯರ್ಥಿ ಬದಲಾಗಿದ್ದರು; ಆ ವರ್ಷ ರಿಪಬ್ಲಿಕನ್ ಪಕ್ಷದಿಂದ ನಿಂತವರು ಡೊನಾಲ್ಡ್ ಟ್ರಂಪ್.

ಇಷ್ಟು ಹೇಳಿ ‘ನೋಡಿ, ಎಲ್ಲ ಬೂಟಾಟಿಕೆ’ ಎಂದು ಮುಗಿಸಿಬಿಡುವುದು ಸುಲಭ. ಅಮೆರಿಕದ ಉದಾರವಾದಿಗಳು ಬಹಳ ಮಂದಿ ಹಾಗೆಯೇ ಮುಗಿಸಿದ್ದಾರೆ. ನಾನು ಒಪ್ಪುವುದಿಲ್ಲ. ಸಂಸ್ಕೃತಿ ಕುಸಿಯುತ್ತಿದೆ ಎಂಬ ಆ ಟೀಕೆಯಲ್ಲಿ ಸತ್ಯವಿತ್ತು, ಕೆಲವು ಕಡೆ ಬೇರೆ ಯಾರೂ ಹೇಳಲು ಧೈರ್ಯ ಮಾಡದ ಸತ್ಯವಿತ್ತು. ಅದಕ್ಕೆ ತೂಕ ಬಂದದ್ದು ಟೀಕಿಸುವವರು ಅದನ್ನು ತಮ್ಮ ಮನೆಯೊಳಗೂ ತಂದಾಗ. ಎದುರು ಪಾಳೆಯಕ್ಕೆ ಮಾತ್ರ ಮೀಸಲಿಟ್ಟ ದಿನದಿಂದ ಅದು ತೂಕ ಕಳೆದುಕೊಂಡಿತು. ನನ್ನ ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಮೊದಲು ಒಂದು ಹಳೆಯ ಕಥೆ. ಕಾಲ ಕೆಟ್ಟುಹೋಯಿತು ಎನ್ನುವ ಕೊರಗು ಅಮೆರಿಕ ಎಂಬ ದೇಶಕ್ಕಿಂತ ಹಳೆಯದು. 1630ರಲ್ಲಿ ಮ್ಯಾಸಚೂಸೆಟ್ಸ್‌ಗೆ ಹೊರಟ ಪ್ಯೂರಿಟನ್ನರಿಗೆ, ಅಂದರೆ ಇಂಗ್ಲೆಂಡಿನ ಕಟ್ಟುನಿಟ್ಟಿನ ಪ್ರಾಟೆಸ್ಟಂಟರಿಗೆ, ಅವರ ಗವರ್ನರ್ ಜಾನ್ ವಿನ್‌ತ್ರಾಪ್ ಹೇಳಿದ ‘ಬೆಟ್ಟದ ಮೇಲಿನ ನಗರ’ದ ಮಾತು ನಿಮಗೆ ಗೊತ್ತಿರಬಹುದು. ಈಗಿನ ರಾಜಕಾರಣಿಗಳು ಅದನ್ನು ಹೆಮ್ಮೆಯಿಂದ ಹೇಳುತ್ತಾರೆ. ವಿನ್‌ತ್ರಾಪ್ ಹೇಳಿದ್ದು ಎಚ್ಚರಿಕೆಯಾಗಿ: ಎಲ್ಲರ ಕಣ್ಣು ನಮ್ಮ ಮೇಲಿದೆ, ದೇವರಿಗೆ ಕೊಟ್ಟ ಮಾತಿಗೆ ತಪ್ಪಿದರೆ ಲೋಕದ ಬಾಯಲ್ಲಿ ನಗೆಪಾಟಲಾಗುತ್ತೇವೆ. ಐವತ್ತು ವರ್ಷ ಕಳೆಯುವುದರೊಳಗೆ, 1679ರಲ್ಲಿ, ಬಾಸ್ಟನ್ನಿನಲ್ಲಿ ಪಾದ್ರಿಗಳ ಸಭೆ ಸೇರಿತು. ಮೂಲನಿವಾಸಿಗಳೊಂದಿಗಿನ ಭೀಕರ ಯುದ್ಧ ಆಗಷ್ಟೇ ಮುಗಿದಿತ್ತು, ಊರುಗಳು ಸುಟ್ಟಿದ್ದವು. ದೇವರು ನಮ್ಮ ಮೇಲೆ ಏಕೆ ಮುನಿದಿದ್ದಾನೆ ಎಂದು ಆ ಸಭೆ ಕೇಳಿಕೊಂಡಿತು. ಪಾಪಗಳ ಪಟ್ಟಿಯನ್ನೇ ಮಾಡಿತು. ಉಡುಗೆ ತೊಡುಗೆಯ ಡೌಲು, ಭಾನುವಾರದ ಆರಾಧನೆಯ ಅಲಕ್ಷ್ಯ, ಹೆಂಡದಂಗಡಿ, ಮಕ್ಕಳನ್ನು ಹದ್ದಿನಲ್ಲಿಡದ ತಂದೆತಾಯಿ, ಮಾತೆತ್ತಿದರೆ ಕೋರ್ಟು. ಇವತ್ತಿನ ಯಾವುದೇ ದೂರಿನ ಪಟ್ಟಿಯ ಪಕ್ಕದಲ್ಲಿಟ್ಟು ಓದಬಹುದು.

ಆ ಪಟ್ಟಿಯಲ್ಲಿ ನಾನು ಗಮನಿಸಿದ್ದು ಅದರ ಕರ್ತೃಪದವನ್ನು. ‘ನಾವು’ ತಪ್ಪಿದ್ದೇವೆ ಎಂದು ಅವರು ಬರೆದರು. ಯುದ್ಧದಲ್ಲಿ ಶತ್ರು ಯಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಪಾಪದ ಲೆಕ್ಕ ತಮ್ಮ ಹೆಸರಿನಲ್ಲಿ ಬರೆದುಕೊಂಡರು. ಆ ಕಾಲದ ಕ್ರೌರ್ಯವನ್ನು ನಾನು ಮರೆಯುತ್ತಿಲ್ಲ. ಪ್ಯೂರಿಟನ್ನರು ಮೂಲನಿವಾಸಿಗಳಿಗೆ ಮಾಡಿದ್ದು ಆ ಪಟ್ಟಿಯಲ್ಲಿ ಇರಬೇಕಾದಷ್ಟು ಇರಲಿಲ್ಲ. ಆದರೆ ಟೀಕೆಯ ದಿಕ್ಕು ಒಳಮುಖವಾಗಿತ್ತು.

ಇನ್ನು 20ನೇ ಶತಮಾನಕ್ಕೆ ಬರುತ್ತೇನೆ. 1965ರ ಮಾರ್ಚ್‌ನಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರ ಸರ್ಕಾರದ ಕಾರ್ಮಿಕ ಇಲಾಖೆಯೊಳಗೆ ಒಂದು ವರದಿ ಸಿದ್ಧವಾಯಿತು. ಬರೆದವರು ಡೇನಿಯಲ್ ಪ್ಯಾಟ್ರಿಕ್ ಮೊಯ್ನಿಹನ್, ಆಗ ಸಹಾಯಕ ಕಾರ್ಯದರ್ಶಿ. ಅವರು ಸಂಪ್ರದಾಯವಾದಿಯಲ್ಲ, ಡೆಮಾಕ್ರಟಿಕ್ ಪಕ್ಷದವರು. ಮುಂದೆ ಅದೇ ಪಕ್ಷದಿಂದ ನ್ಯೂಯಾರ್ಕಿನ ಸೆನೆಟರ್ ಆಗಿ 24 ವರ್ಷ ಇದ್ದರು. ಕಪ್ಪು ಜನರಲ್ಲಿ ಮದುವೆಯ ಹೊರಗೆ ಹುಟ್ಟುವ ಮಕ್ಕಳು ನಾಲ್ಕರಲ್ಲಿ ಒಂದರ ಹತ್ತಿರ ಬಂದಿದ್ದಾರೆ, ಬಡ ಬಡಾವಣೆಗಳಲ್ಲಿ ಕುಟುಂಬ ಒಡೆಯುತ್ತಿದೆ, ಬರಿಯ ಸಮಾನ ಹಕ್ಕಿನ ಕಾನೂನಿನಿಂದ ಇದು ಸರಿಹೋಗದು, ಸರ್ಕಾರವೇ ಕುಟುಂಬದ ಕೈ ಹಿಡಿಯಬೇಕು ಎಂದು ಅವರು ಬರೆದರು; ಅದಕ್ಕೆ ಉದ್ಯೋಗ ಕೊಡಬೇಕು ಎನ್ನುವುದು ಅವರ ನಿಲುವು. ಮೂಲ ಕಾರಣ ಗುಲಾಮಗಿರಿ ಮತ್ತು ಶತಮಾನಗಳ ದಬ್ಬಾಳಿಕೆ ಎಂದೂ ಬರೆದಿದ್ದರು. ಆ ಬೇಸಿಗೆಯಲ್ಲಿ ವರದಿ ಹೊರಬಿತ್ತು. ಆಗಸ್ಟ್‌ನಲ್ಲಿ ಲಾಸ್ ಏಂಜಲಿಸ್‌ನ ವಾಟ್ಸ್ ಬಡಾವಣೆ ಗಲಭೆಯಲ್ಲಿ ಉರಿಯಿತು. ಪೆಟ್ಟು ತಿಂದವನನ್ನೇ ದೂರುತ್ತಿದ್ದೀರಿ ಎಂದು ನಾಗರಿಕ ಹಕ್ಕುಗಳ ಮುಖಂಡರು, ವಿಶ್ವವಿದ್ಯಾಲಯಗಳವರು ಮೊಯ್ನಿಹನ್ ಮೇಲೆ ತಿರುಗಿಬಿದ್ದರು.

ಮೊಯ್ನಿಹನ್ ಬೆಳೆದ ಮನೆಯನ್ನೂ ನೆನೆಯಬೇಕು. ಹುಡುಗನಾಗಿದ್ದಾಗಲೇ ಅವರ ತಂದೆ ಸಂಸಾರ ಬಿಟ್ಟು ಹೋಗಿದ್ದರು. ನ್ಯೂಯಾರ್ಕಿನ ಬೀದಿಯಲ್ಲಿ ಬೂಟು ಪಾಲಿಶ್ ಮಾಡಿ ದುಡಿದ ಹುಡುಗ ಅವರು. ಅಪ್ಪ ಇಲ್ಲದ ಮನೆ ಹೇಗಿರುತ್ತದೆ ಎಂದು ಅವರಿಗೆ ಯಾವ ಅಂಕಿಅಂಶವೂ ಹೇಳಿಕೊಡಬೇಕಿರಲಿಲ್ಲ. ಆ ವರದಿಯಲ್ಲಿ ಕಪ್ಪು ಮಹಿಳೆಯರ ದುಡಿಮೆಯ ಬಗ್ಗೆ ಆಡಿದ ಕೆಲವು ಮಾತು ನನಗೂ ಒಪ್ಪಿಗೆಯಿಲ್ಲ. ಮನೆ ನಡೆಸಿದ ಹೆಂಗಸನ್ನೇ ಸಮಸ್ಯೆಯ ಭಾಗವಾಗಿ ನೋಡಿದ ಒಂದು ಧಾಟಿ ಅದರಲ್ಲಿದೆ. ಆದರೆ ಪ್ರಶ್ನೆಯನ್ನೇ ಎತ್ತಬಾರದು ಎಂದು ಬಾಯಿ ಮುಚ್ಚಿಸಿದ್ದು ದೊಡ್ಡ ತಪ್ಪಾಯಿತು. ಆಗ ಬಿಳಿಯರಲ್ಲಿ ಮದುವೆಯ ಹೊರಗೆ ಹುಟ್ಟುವ ಮಕ್ಕಳು ಶೇ. 3ರಷ್ಟಿದ್ದರು. ಇವತ್ತು ಇಡೀ ಅಮೆರಿಕದಲ್ಲಿ ಅದು ಸುಮಾರು ಶೇ. 40. ಒಂದು ಜನಾಂಗದ ಕಥೆ ಎಂದು ಯಾರು ತಿಳಿದಿದ್ದರೋ ಅವರೆಲ್ಲರ ಮನೆ ಬಾಗಿಲಿಗೂ ಅದು ಬಂತು. ಉದಾರವಾದಿಗಳು ಕೈಬಿಟ್ಟ ಈ ಪ್ರಶ್ನೆಯನ್ನು ಸಂಪ್ರದಾಯವಾದಿಗಳು ಎತ್ತಿಕೊಂಡರು. ಅದರ ಅರ್ಧವನ್ನು ಮಾತ್ರ ಎತ್ತಿಕೊಂಡರು ಎನ್ನುವುದು ನನ್ನ ದೂರು: ಕುಟುಂಬದ ಮಾತು ತೆಗೆದುಕೊಂಡರು, ಉದ್ಯೋಗ ಕೊಡಿ ಎಂದ ಮಾತು ಅಲ್ಲಿಯೇ ಬಿಟ್ಟರು.

ಈಗ 1992ಕ್ಕೆ ಬನ್ನಿ. ಏಪ್ರಿಲ್ ಕೊನೆಗೆ ರಾಡ್ನಿ ಕಿಂಗ್ ಎಂಬ ಕಪ್ಪು ವ್ಯಕ್ತಿಯನ್ನು ಥಳಿಸಿದ ಪೊಲೀಸರು ಖುಲಾಸೆಯಾಗಿ, ಲಾಸ್ ಏಂಜಲಿಸ್ ಮತ್ತೆ ಉರಿದಿತ್ತು. ಮೇ 19ರಂದು ದೇಶದ ಉಪಾಧ್ಯಕ್ಷ, ರಿಪಬ್ಲಿಕನ್ ಪಕ್ಷದ ಡ್ಯಾನ್ ಕ್ವೇಲ್ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಗಲಭೆಯ ಬೇರುಗಳ ಬಗ್ಗೆ ಒಂದು ಉದ್ದದ ಭಾಷಣ ಮಾಡಿದರು. ಕುಟುಂಬ, ದುಡಿಮೆ, ಬಡತನ, ಹೊಣೆಗಾರಿಕೆ ಎಲ್ಲ ಅದರಲ್ಲಿತ್ತು. ಜನಕ್ಕೆ ನೆನಪಿರುವುದು ಒಂದೇ ವಾಕ್ಯ. ಹಿಂದಿನ ದಿನ ಟಿ.ವಿ.ಯ ಜನಪ್ರಿಯ ಹಾಸ್ಯ ಧಾರಾವಾಹಿಯೊಂದರ ನಾಯಕಿ, ಮರ್ಫಿ ಬ್ರೌನ್ ಎಂಬ ಕಾಲ್ಪನಿಕ ಪತ್ರಕರ್ತೆ, ಮದುವೆಯಾಗದೆ ಮಗು ಹೆತ್ತಿದ್ದಳು. ತಂದೆಯ ಅಗತ್ಯವನ್ನು ಗೇಲಿ ಮಾಡಿ ಇದೂ ಒಂದು ಬಗೆಯ ಜೀವನಶೈಲಿ ಎಂಬಂತೆ ತೋರಿಸುವುದು ಸರಿಯಲ್ಲ ಎಂದು ಕ್ವೇಲ್ ಹೇಳಿದರು. ದೇಶ ನಕ್ಕಿತು. ಇಲ್ಲದ ಹೆಂಗಸಿನ ಜೊತೆ ಉಪಾಧ್ಯಕ್ಷರ ಜಗಳ ಎಂದು ವ್ಯಂಗ್ಯಚಿತ್ರಗಳು ಬಂದವು. ಮುಂದಿನ ತಿಂಗಳು ಶಾಲೆಯೊಂದರಲ್ಲಿ ಆಲೂಗಡ್ಡೆಯ ಇಂಗ್ಲಿಷ್ ಕಾಗುಣಿತವನ್ನು ಕ್ವೇಲ್ ತಪ್ಪಾಗಿ ತಿದ್ದಿಸಿದ ಮೇಲಂತೂ ಅವರ ಯಾವ ಮಾತನ್ನೂ ಯಾರೂ ಗಂಭೀರವಾಗಿ ಕೇಳಲಿಲ್ಲ.

ಆದರೆ ಮಾತು ಸಾಯಲಿಲ್ಲ. ಒಂದು ವರ್ಷ ತುಂಬುವ ಮೊದಲೇ, ಉದಾರವಾದಿ ಓದುಗರೇ ಹೆಚ್ಚಾಗಿರುವ ಪ್ರತಿಷ್ಠಿತ ಮಾಸಪತ್ರಿಕೆಯೊಂದು ‘ಕ್ವೇಲ್ ಹೇಳಿದ್ದು ಸರಿ’ ಎಂಬ ಅರ್ಥದ ಮುಖಪುಟ ಲೇಖನ ಹಾಕಿತು. ಅದನ್ನು ಬರೆದಾಕೆ ಕುಟುಂಬಗಳನ್ನು ಅಧ್ಯಯನ ಮಾಡಿದ ಸಂಶೋಧಕಿ. ಮರ್ಫಿ ಬ್ರೌನ್ ಪಾತ್ರ ಮಾಡಿದ ಕ್ಯಾಂಡಿಸ್ ಬರ್ಗನ್ ಅವರೇ ಹತ್ತು ವರ್ಷದ ನಂತರ, ಆ ಭಾಷಣದಲ್ಲಿ ವಿವೇಕವಿತ್ತು, ತಂದೆ ಬೇಡದ ವಸ್ತುವಲ್ಲ ಎಂದು ಒಪ್ಪಿಕೊಂಡರು. ಒಂಟಿ ತಾಯಂದಿರನ್ನು ಹೀಯಾಳಿಸುವುದಕ್ಕೂ, ಇಬ್ಬರು ಹೊರಬೇಕಾದ ಹೊರೆಯನ್ನು ಒಬ್ಬಳ ತಲೆಯ ಮೇಲೆ ಹಾಕಬೇಡಿ ಎನ್ನುವುದಕ್ಕೂ ವ್ಯತ್ಯಾಸವಿದೆ. ಎರಡನೆಯ ಮಾತನ್ನು ಹೇಳಲು ಒಂದು ಸಮಾಜ ನಾಚಿಕೊಳ್ಳಬಾರದು.

ಅದೇ ವರ್ಷ ಆಗಸ್ಟ್ 17ರಂದು ಹ್ಯೂಸ್ಟನ್ನಿನ ರಿಪಬ್ಲಿಕನ್ ಸಮಾವೇಶದಲ್ಲಿ, ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಲು ಸ್ಪರ್ಧಿಸಿ ಸೋತಿದ್ದ ಪ್ಯಾಟ್ ಬುಕ್ಯಾನನ್ ಮಾಡಿದ ಭಾಷಣದ ಧಾಟಿಯೇ ಬೇರೆ. ದೇಶದ ಆತ್ಮಕ್ಕಾಗಿ ಒಂದು ಧಾರ್ಮಿಕ ಯುದ್ಧ ನಡೆಯುತ್ತಿದೆ, ಇದು ಸಂಸ್ಕೃತಿಯ ಯುದ್ಧ ಎಂದರು ಅವರು. ಕ್ವೇಲ್ ಮಾತಿನಲ್ಲಿ ರೋಗದ ಚಿಂತೆ ಇತ್ತು. ಬುಕ್ಯಾನನ್ ಮಾತಿನಲ್ಲಿ ಶತ್ರುವಿನ ಗುರುತು ಇತ್ತು. ಯುದ್ಧ ಎಂದ ಮೇಲೆ ನಮ್ಮ ಸೇನಾಪತಿಯ ನಡತೆ ನೋಡುವವರಾರು? ಗೆಲ್ಲುತ್ತಾನೋ ಇಲ್ಲವೋ ಅಷ್ಟೇ ಸಾಕಾಗುತ್ತದೆ. 1679ರ ‘ನಾವು’ ಇಲ್ಲಿಗೆ ‘ಅವರು’ ಆಯಿತು.

ಈ ತಿರುವು ಒಂದು ಭಾಷಣದಿಂದ ಆದದ್ದಲ್ಲ. 1979ರಲ್ಲಿ ಬ್ಯಾಪ್ಟಿಸ್ಟ್ ಪಾದ್ರಿ ಜೆರ್ರಿ ಫಾಲ್ವೆಲ್ ‘ಮಾರಲ್ ಮೆಜಾರಿಟಿ’ (ನೀತಿವಂತರ ಬಹುಮತ) ಎಂಬ ರಾಜಕೀಯ ಸಂಘಟನೆ ಕಟ್ಟಿದರು. ಮರುವರ್ಷದ ಚುನಾವಣೆಯಲ್ಲಿ ಒಂದು ಕಡೆ ಜಿಮ್ಮಿ ಕಾರ್ಟರ್: ಭಾನುವಾರ ಚರ್ಚಿನಲ್ಲಿ ಬೈಬಲ್ ಪಾಠ ಹೇಳುವ ಬ್ಯಾಪ್ಟಿಸ್ಟ್. ಇನ್ನೊಂದು ಕಡೆ ರೊನಾಲ್ಡ್ ರೇಗನ್: ಹಾಲಿವುಡ್ ನಟ, ವಿಚ್ಛೇದನ ಪಡೆದು ಮರುಮದುವೆಯಾದವರು. ಗಂಡ ಹೆಂಡಿರಲ್ಲಿ ತಪ್ಪು ಯಾರದೆಂದು ಸಾಬೀತು ಮಾಡದೆಯೇ ವಿಚ್ಛೇದನ ಕೊಡುವ ಕಾನೂನಿಗೆ 1969ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಆಗಿ ಸಹಿ ಹಾಕಿದ್ದೂ ಅವರೇ. ಕುಟುಂಬ ಉಳಿಸಲು ಹೊರಟ ಸಂಘಟನೆ ರೇಗನ್ ಅವರನ್ನು ಬೆಂಬಲಿಸಿತು. ಅದಕ್ಕೆ ಗರ್ಭಪಾತ, ಸೋವಿಯತ್ ರಷ್ಯಾ, ಶಾಲೆಯ ಪ್ರಾರ್ಥನೆ ಹೀಗೆ ನೀತಿಯ ಕಾರಣಗಳಿದ್ದವು, ಅವು ಸುಳ್ಳು ಕಾರಣಗಳೂ ಅಲ್ಲ. ಆದರೆ ವ್ಯಕ್ತಿಯ ನಡತೆಗಿಂತ ಪಕ್ಷದ ನೀತಿ ಮೇಲು ಎಂಬ ಲೆಕ್ಕ ಆಗಲೇ ಶುರುವಾಗಿತ್ತು. 2016 ಆಕಾಶದಿಂದ ಬೀಳಲಿಲ್ಲ.

ಸಂಪ್ರದಾಯವಾದಿ ಟೀಕೆ ಎಡವಿದ ಇನ್ನೊಂದು ಜಾಗ ಮಾರುಕಟ್ಟೆ. ಇದರ ಬಗ್ಗೆ ನಾನು ಸ್ವಲ್ಪ ಹೆಚ್ಚು ಹೊತ್ತು ಮಾತಾಡಬೇಕು, ಯಾಕೆಂದರೆ ಇದನ್ನು ಹೇಳುವವರು ಕಡಿಮೆ. ಕೆಟ್ಟ ಹಾಡು, ಕೆಟ್ಟ ಸಿನಿಮಾ ಎಂದು ಬೈಯುವಾಗ ಅವರು ಕಲಾವಿದನನ್ನು, ವಿಶ್ವವಿದ್ಯಾಲಯವನ್ನು, ಉದಾರವಾದವನ್ನು ಬೈದರು. ಅದನ್ನು ಮಾರಿ ಲಾಭ ತೆಗೆಯುವ ಕಂಪನಿಯ ಹೆಸರು ಬಾಯಿಗೆ ಬರುವುದು ಅಪರೂಪ, ಏಕೆಂದರೆ ಮುಕ್ತ ಮಾರುಕಟ್ಟೆಯೂ ಅವರ ನಂಬಿಕೆಯ ಭಾಗ. ಇದಕ್ಕೆ ಒಂದು ಒಳ್ಳೆಯ ಅಪವಾದವಿದೆ. ರೇಗನ್ ಕಾಲದಲ್ಲಿ ಶಿಕ್ಷಣ ಕಾರ್ಯದರ್ಶಿಯಾಗಿದ್ದ ವಿಲಿಯಂ ಬೆನೆಟ್, ಮಾರ್ಟಿನ್ ಲೂಥರ್ ಕಿಂಗ್ ಜೊತೆ ನಡೆದ ಹಳೆಯ ನಾಗರಿಕ ಹಕ್ಕು ಹೋರಾಟಗಾರ್ತಿ, ಡೆಮಾಕ್ರಟಿಕ್ ಪಕ್ಷದ ಸಿ. ಡೆಲೋರಸ್ ಟಕ್ಕರ್ ಅವರೊಂದಿಗೆ ಕೈ ಜೋಡಿಸಿದರು. ಹೆಣ್ಣನ್ನು ಹೀನಾಯವಾಗಿ ಬೈಯುವ, ಕೊಲೆಯನ್ನು ಮೆರೆಸುವ ಗ್ಯಾಂಗ್‌ಸ್ಟಾ ರ‍್ಯಾಪ್ ಹಾಡುಗಳ ವಿರುದ್ಧ 1995ರಲ್ಲಿ ಇಬ್ಬರೂ ನೇರವಾಗಿ ಟೈಮ್ ವಾರ್ನರ್ ಕಂಪನಿಯ ಮೇಲೆ ಹೋದರು. ಟಕ್ಕರ್ ಷೇರುದಾರರ ಸಭೆಯಲ್ಲೇ ಎದ್ದು ನಿಂತು ಮಾತಾಡಿದರು. ಅದೇ ವರ್ಷ ಕಂಪನಿ, ಆ ಹಾಡುಗಳನ್ನು ಹೊರತರುತ್ತಿದ್ದ ಇಂಟರ್‌ಸ್ಕೋಪ್ ರೆಕಾರ್ಡ್ಸ್‌ನಲ್ಲಿದ್ದ ತನ್ನ ಅರ್ಧ ಪಾಲನ್ನು ಮಾರಿಬಿಟ್ಟಿತು. ಹಾಡುಗಳು ನಿಲ್ಲಲಿಲ್ಲ, ಇನ್ನೊಂದು ದೊಡ್ಡ ಕಂಪನಿಯ ಮುದ್ರೆಯಡಿ ಮೊದಲಿಗಿಂತ ಚೆನ್ನಾಗಿ ಮಾರಾಟವಾದವು. ಅಲ್ಲಿಗೆ ಸಂಪ್ರದಾಯವಾದಿಗಳು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆ, ಕೊಳ್ಳುವವರಿದ್ದಾರೆ ಎಂಬುದೇ ಮಾರುವುದಕ್ಕೆ ಸಾಕಾದ ಸಮರ್ಥನೆಯೇ ಎಂಬುದು, ಕೇಳದೆ ಉಳಿಯಿತು.

ಮರುವರ್ಷವೇ, 1996ರಲ್ಲಿ, ಪರ್ಡ್ಯೂ ಫಾರ್ಮಾ ಎಂಬ ಕಂಪನಿ ಆಕ್ಸಿಕಾಂಟಿನ್ ಎಂಬ ನೋವಿನ ಮಾತ್ರೆಯನ್ನು ಮಾರುಕಟ್ಟೆಗೆ ಬಿಟ್ಟಿತು. ಚಟ ಹಿಡಿಸುವ ಅಪಾಯ ಕಡಿಮೆ ಎಂದು ವೈದ್ಯರನ್ನು ನಂಬಿಸಿತು. ವೆಸ್ಟ್ ವರ್ಜೀನಿಯಾ, ಕೆಂಟಕಿಯ ಗಣಿ ಊರುಗಳಲ್ಲಿ, ಬೆನ್ನು ನೋವಿನ ಕೂಲಿಗಳ ಮನೆಗಳಲ್ಲಿ ಅದು ಹೊಕ್ಕಿತು. ಇವು ಚರ್ಚಿಗೆ ಹೋಗುವ, ಧ್ವಜಕ್ಕೆ ವಂದಿಸುವ, ಸಂಪ್ರದಾಯವಾದಿಗಳು ‘ನಿಜವಾದ ಅಮೆರಿಕ’ ಎಂದು ಕರೆಯುವ ಊರುಗಳು. ಮಾತ್ರೆಯ ಬಗ್ಗೆ ತಪ್ಪು ಮಾಹಿತಿ ಕೊಟ್ಟೆವೆಂದು 2007ರಲ್ಲಿ ಕಂಪನಿಯೂ ಅದರ ಮೂವರು ಅಧಿಕಾರಿಗಳೂ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡರು. ಮಾತ್ರೆಯಿಂದ ಹೆರಾಯಿನ್, ಹೆರಾಯಿನ್‌ನಿಂದ ಫೆಂಟನಿಲ್. 2021ರ ಹೊತ್ತಿಗೆ ಅಮೆರಿಕದಲ್ಲಿ ಮಾದಕ ವಸ್ತುವಿನ ಅತಿಸೇವನೆಯಿಂದ ವರ್ಷಕ್ಕೆ ಸಾಯುವವರ ಸಂಖ್ಯೆ ಒಂದು ಲಕ್ಷ ದಾಟಿತ್ತು. ಸಂಸ್ಕೃತಿ ಕುಸಿಯುತ್ತಿದೆ ಎಂದು ದಿನವೂ ರೇಡಿಯೋದಲ್ಲಿ ಕೂಗುತ್ತಿದ್ದವರ ಕಣ್ಣು ಆ ಹತ್ತು ಹದಿನೈದು ವರ್ಷ ಹಾಡುಗಾರರ ಮೇಲಿತ್ತು. ತಾಯಂದಿರು ಮಕ್ಕಳನ್ನು ಹೂಳುತ್ತಿದ್ದ ಊರುಗಳಿಂದ ಕೇಳಿಬರುತ್ತಿದ್ದ ಅಳು ಅವರನ್ನು ಮುಟ್ಟಲು ಬಹಳ ತಡವಾಯಿತು. ಕಂಪನಿಯೊಂದರ ಮೀಟಿಂಗಿನಲ್ಲಿ ನಡೆಯುವ ಅನೀತಿಯೂ ಅನೀತಿಯೇ, ಮಲಗುವ ಕೋಣೆಯದು ಮಾತ್ರವಲ್ಲ.

ರೇಡಿಯೋ ಎಂದೆ. ಪ್ರಸಾರಕರು ವಿವಾದದ ವಿಷಯಗಳಲ್ಲಿ ಎರಡೂ ಕಡೆಗೆ ಜಾಗ ಕೊಡಬೇಕೆಂಬ ಸರ್ಕಾರಿ ನಿಯಮ 1987ರಲ್ಲಿ ರದ್ದಾಯಿತು. 1988ರಲ್ಲಿ ಸಂಪ್ರದಾಯವಾದಿ ಮಾತುಗಾರ ರಶ್ ಲಿಂಬಾ ಅವರ ರೇಡಿಯೋ ಕಾರ್ಯಕ್ರಮ ದೇಶದಾದ್ಯಂತ ಶುರುವಾಯಿತು, 1996ರಲ್ಲಿ ಅದೇ ಒಲವಿನ ಟಿ.ವಿ. ವಾಹಿನಿ ಫಾಕ್ಸ್ ನ್ಯೂಸ್ ಬಂತು. ಕುಸಿತದ ಮಾತು ಇಲ್ಲಿಂದ ಒಂದು ಉದ್ಯಮವಾಯಿತು. ದಿನಕ್ಕೆ ಮೂರು ಗಂಟೆ ಜನರನ್ನು ರೊಚ್ಚಿಗೆಬ್ಬಿಸಿ ಇಡಬೇಕಾದರೆ ದಿನಕ್ಕೊಬ್ಬ ಖಳನಾಯಕ ಬೇಕು. ನಟಿ, ಪ್ರೊಫೆಸರ್, ಗಾಯಕ, ಫುಟ್‌ಬಾಲ್ ಆಟಗಾರ, ಯಾರಾದರೂ ಆಗುತ್ತದೆ. ಒಳ್ಳೆಯ ಸುದ್ದಿಗೆ ಅಲ್ಲಿ ಕೆಲಸವಿಲ್ಲ. ಮತ್ತು ಒಳ್ಳೆಯ ಸುದ್ದಿ ನಿಜವಾಗಿಯೂ ಇತ್ತು! ನ್ಯೂಯಾರ್ಕ್ ನಗರದಲ್ಲಿ 1990ರಲ್ಲಿ 2,245 ಕೊಲೆಗಳಾಗಿದ್ದವು; 2017ರಲ್ಲಿ 300ಕ್ಕೂ ಕಡಿಮೆ. 15ರಿಂದ 19 ವರ್ಷದ ಪ್ರತಿ 1,000 ಹುಡುಗಿಯರಿಗೆ 1991ರಲ್ಲಿ ಸುಮಾರು 62 ಹೆರಿಗೆ. 2022ರಲ್ಲಿ 14ಕ್ಕೂ ಕಡಿಮೆ. ವಿಚ್ಛೇದನದ ಪ್ರಮಾಣವೂ 1980ರ ಸುಮಾರಿಗೆ ಏರಿದ ಮಟ್ಟದಿಂದ ಇಳಿದಿದೆ. ಬೆನೆಟ್ ಜೊತೆ ಕೆಲಸ ಮಾಡಿದ್ದ ಪೀಟರ್ ವೇನರ್ ಮತ್ತು ಅವರ ಗೆಳೆಯ ಯುವಲ್ ಲೆವಿನ್ ಇಂಥ ಅನೇಕ ಸೂಚ್ಯಂಕಗಳು ತಿರುಗಿವೆ ಎಂದು 2007ರಲ್ಲಿಯೇ ಪ್ರಾಮಾಣಿಕವಾಗಿ ಬರೆದರು. ಇಬ್ಬರೂ ಸಂಪ್ರದಾಯವಾದಿಗಳೇ. ಅವರ ಮಾತು ರೇಡಿಯೋದಲ್ಲಿ ಕೇಳಿಸಲಿಲ್ಲ.

ಬೆನೆಟ್ ಬಗ್ಗೆ ಇನ್ನೊಂದು ಮಾತು ಹೇಳದಿದ್ದರೆ ನ್ಯಾಯವಾಗದು. ಸದ್ಗುಣಗಳ ಬಗ್ಗೆ ಪುಸ್ತಕ ಮಾಡಿ ಮನೆಮಾತಾದವರು ಅವರು. 2003ರಲ್ಲಿ, ಕ್ಯಾಸಿನೋಗಳಲ್ಲಿ ಹತ್ತು ವರ್ಷದಲ್ಲಿ ಲಕ್ಷಾಂತರ ಡಾಲರ್ ಜೂಜಾಡಿ ಕಳೆದಿದ್ದಾರೆ ಎಂದು ಪತ್ರಿಕೆಗಳು ಬರೆದವು. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ ಎಂದು ವಿರೋಧಿಗಳು ಹಬ್ಬ ಮಾಡಿದರು. ಅವರು ಕಾನೂನು ಮುರಿದಿರಲಿಲ್ಲ. ಆದರೂ ಅತಿಯಾಯಿತು, ಒಳ್ಳೆಯ ಮಾದರಿಯಲ್ಲ, ಇನ್ನು ಆಡುವುದಿಲ್ಲ ಎಂದರು. ಹಾಗೆ ಹೇಳುವ ಸಂಕೋಚ ಆಗಿನ್ನೂ ಬದುಕಿತ್ತು.

ಕ್ಲಿಂಟನ್ ಪ್ರಕರಣಕ್ಕೆ ಮರಳುತ್ತೇನೆ. 1998ರ ಸೆಪ್ಟೆಂಬರ್ 3ರಂದು ಸೆನೆಟ್‌ನಲ್ಲಿ ಎದ್ದು ನಿಂತು ಅಧ್ಯಕ್ಷರ ನಡತೆ ಅನೈತಿಕ ಎಂದು ಹೇಳಿದವರು ಜೋ ಲೀಬರ್‌ಮನ್. ಅವರು ಕ್ಲಿಂಟನ್ ಪಕ್ಷದವರು, ಹಳೆಯ ಗೆಳೆಯರು. ಆ ಇಡೀ ವರ್ಷದ ಗದ್ದಲದಲ್ಲಿ ನನಗೆ ತೂಕದ್ದೆಂದು ಕಾಣುವ ಭಾಷಣ ಅದೊಂದೇ. ಮಿಕ್ಕವರೆಲ್ಲ ತಮ್ಮ ತಮ್ಮ ಸಾಲಿನಲ್ಲಿ ನಿಂತರು. ಹೆಣ್ಣುಮಕ್ಕಳ ಗೌರವದ ಪರ ಜೀವಮಾನವಿಡೀ ಹೋರಾಡಿದ ಕೆಲವರೂ ಆಗ ಅಧ್ಯಕ್ಷರ ಪರ ಮಾತಾಡಿದರು. ಅಧಿಕಾರಸ್ಥ ಗಂಡಸು, 22 ವರ್ಷದ ಇಂಟರ್ನ್ ಎಂಬ ಅಂತರ ಅವರಿಗೆ ಕಾಣಲಿಲ್ಲ. ಡೆಮಾಕ್ರಟಿಕ್ ಸೆನೆಟರ್ ಕರ್ಸ್ಟನ್ ಗಿಲಿಬ್ರ್ಯಾಂಡ್ ‘ಕ್ಲಿಂಟನ್ ಆಗ ರಾಜೀನಾಮೆ ಕೊಡಬೇಕಿತ್ತು’ ಎನ್ನುವ ಹೊತ್ತಿಗೆ 2017 ಬಂದಿತ್ತು.

ಹುದ್ದೆಯಿಂದ ತೆಗೆಯಬೇಕೇ ಎಂಬ ವಾಗ್ದಂಡನೆಯ ವಿಚಾರಣೆಯಲ್ಲಿ ಸೆನೆಟ್ 1999ರ ಫೆಬ್ರವರಿ 12ರಂದು ಕ್ಲಿಂಟನ್ ಅವರನ್ನು ಖುಲಾಸೆ ಮಾಡಿತು. ನಾಲ್ಕು ದಿನದ ನಂತರ ಪಾಲ್ ವೈರಿಕ್ ತಮ್ಮ ಬೆಂಬಲಿಗರಿಗೆ ಒಂದು ಬಹಿರಂಗ ಪತ್ರ ಬರೆದರು. ಫಾಲ್ವೆಲ್ ಜೊತೆ ನಿಂತು ‘ಮಾರಲ್ ಮೆಜಾರಿಟಿ’ ಎಂಬ ಹೆಸರು ಕೊಟ್ಟವರೇ ವೈರಿಕ್. ಈ ದೇಶದಲ್ಲಿ ನೀತಿವಂತರ ಬಹುಮತ ಇದೆ ಎಂದು ನಾನು ಇನ್ನು ನಂಬುವುದಿಲ್ಲ, ಸಂಸ್ಕೃತಿಯ ಯುದ್ಧವನ್ನು ಬಹುಶಃ ಸೋತಿದ್ದೇವೆ ಎಂದು ಅವರು ಬರೆದರು. ರಾಜಕಾರಣದಿಂದ ಸಂಸ್ಕೃತಿ ತಿದ್ದಲಾಗದು. ನಮ್ಮ ಶಾಲೆ, ನಮ್ಮ ಸಂಸ್ಥೆಗಳನ್ನು ನಾವೇ ಕಟ್ಟಿಕೊಂಡು ಬದುಕೋಣ ಎಂದರು. ಆ ಪತ್ರದಲ್ಲಿ ನೋವಿದೆ. ಅದರ ದಾರಿ ಹಿಡಿದಿದ್ದರೆ ಅಮೆರಿಕದ ಕ್ರೈಸ್ತ ಸಂಪ್ರದಾಯವಾದ ಬೇರೆಯೇ ಆಗುತ್ತಿತ್ತೇನೋ. ಹಿಡಿದವರು ಕಡಿಮೆ.

2016ರಲ್ಲಿ ಏನಾಯಿತೆಂದು ನಿಮಗೆಲ್ಲ ಗೊತ್ತು. ಹೆಂಗಸರ ಮೈಮೇಲೆ ಕೈ ಹಾಕುವ ಬಗ್ಗೆ ಡೊನಾಲ್ಡ್ ಟ್ರಂಪ್ ಜಂಭ ಕೊಚ್ಚಿಕೊಂಡ ಹಳೆಯ ಧ್ವನಿಮುದ್ರಣ ಅಕ್ಟೋಬರ್ 7ರಂದು ಹೊರಬಂತು. ಒಂದು ತಿಂಗಳ ನಂತರ ಬಿಳಿಯ ಇವ್ಯಾಂಜೆಲಿಕಲ್ಲರಲ್ಲಿ ಸುಮಾರು ಶೇ. 80 ಮಂದಿ ಅವರಿಗೆ ಮತ ಹಾಕಿದರು. ಅವರ ಪರವಾದ ವಾದವನ್ನು ನಾನು ಇದ್ದ ಹಾಗೆ ಇಡುತ್ತೇನೆ. ಆಗ ಸುಪ್ರೀಂ ಕೋರ್ಟಿನಲ್ಲಿ ಒಂದು ಸ್ಥಾನ ಖಾಲಿಯಿತ್ತು, ಹಿಂದಿನ ವರ್ಷ ಸಲಿಂಗ ವಿವಾಹದ ತೀರ್ಪು ಬಂದಿತ್ತು, ತಮ್ಮ ನಂಬಿಕೆಯಂತೆ ಬದುಕುವ ಹಕ್ಕೇ ಹೋಗುತ್ತದೆ ಎಂದು ಅವರಿಗೆ ನಿಜವಾಗಿ ಭಯವಿತ್ತು. ನಾವು ಆರಿಸುತ್ತಿರುವುದು ಅಧ್ಯಕ್ಷನನ್ನು, ಪಾದ್ರಿಯನ್ನಲ್ಲ ಎಂದರು. ಟ್ರಂಪ್ ನೇಮಿಸಿದ ಮೂವರು ನ್ಯಾಯಮೂರ್ತಿಗಳ ಮತ ಸೇರಿ 2022ರಲ್ಲಿ ಗರ್ಭಪಾತದ ಸಾಂವಿಧಾನಿಕ ಹಕ್ಕು ರದ್ದಾದಾಗ, ಲೆಕ್ಕ ಸರಿಯಾಯಿತು ಎಂದು ಅವರಿಗೆ ಅನ್ನಿಸಿರಬೇಕು. ಇದು ರಾಜಕೀಯ ವಾದವಾಗಿ ಗಟ್ಟಿಯೇ. ಆದರೆ 1998ರಲ್ಲಿ ಕ್ಲಿಂಟನ್ ಬೆಂಬಲಿಗರು ಹೇಳಿದ್ದೂ ಅಕ್ಷರಶಃ ಇದೇ: ನೀತಿ ನೋಡಿ, ನಡತೆ ಬಿಡಿ. ಆಗ ಅದನ್ನು ಪತನದ ಲಕ್ಷಣ ಎಂದವರು ಈಗ ಅದನ್ನೇ ವಿವೇಕ ಎಂದರು. ಟ್ರಂಪ್ ಅವರ ಖಾಸಗಿ ನಡತೆಯ ಬಗ್ಗೆ 2018ರಲ್ಲಿ ಕೇಳಿದಾಗ, ಕ್ರೈಸ್ತ ಸಂಪ್ರದಾಯವಾದಿ ಸಂಘಟನೆಯಾದ ಫ್ಯಾಮಿಲಿ ರಿಸರ್ಚ್ ಕೌನ್ಸಿಲ್‌ನ ಮುಖ್ಯಸ್ಥ ಟೋನಿ ಪರ್ಕಿನ್ಸ್ ಗಾಲ್ಫ್ ಆಟದ ಮಾತು ಬಳಸಿದರು: ಕೆಟ್ಟ ಹೊಡೆತ ಬಿಟ್ಟು ಇನ್ನೊಂದು ಹೊಡೆಯಲು ಬಿಟ್ಟಿದ್ದೇವೆ ಎಂದರು. ಕ್ಲಿಂಟನ್‌ಗೆ ಆ ಎರಡನೆಯ ಹೊಡೆತ ಸಿಕ್ಕಿರಲಿಲ್ಲ.

ಎಲ್ಲರೂ ಹಾಗಾಗಲಿಲ್ಲ. ಪ್ರಸಿದ್ಧ ಇವ್ಯಾಂಜೆಲಿಕಲ್ ಪ್ರವಚನಕಾರ ಬಿಲ್ಲಿ ಗ್ರಹಾಂ 1956ರಲ್ಲಿ ಸ್ಥಾಪಿಸಿದ ‘ಕ್ರಿಶ್ಚಿಯಾನಿಟಿ ಟುಡೇ’ ಪತ್ರಿಕೆಯ ಸಂಪಾದಕ ಮಾರ್ಕ್ ಗಾಲಿ 2019ರ ಡಿಸೆಂಬರ್ 19ರಂದು, ಟ್ರಂಪ್ ಅವರನ್ನು ಹುದ್ದೆಯಿಂದ ತೆಗೆಯಬೇಕು ಎಂದು ಸಂಪಾದಕೀಯ ಬರೆದರು. ಅದರಲ್ಲಿ ಅವರು ಮಾಡಿದ ಕೆಲಸ ಸರಳ. 1998ರಲ್ಲಿ ಕ್ಲಿಂಟನ್ ಬಗ್ಗೆ ತಮ್ಮದೇ ಪತ್ರಿಕೆ ಬರೆದಿದ್ದ ಸಂಪಾದಕೀಯದ ಸಾಲುಗಳನ್ನು ಎತ್ತಿ ಉದ್ಧರಿಸಿ, ಇದು ಈಗಿನ ಅಧ್ಯಕ್ಷರಿಗೂ ಹಾಗೆಯೇ ಅನ್ವಯಿಸುತ್ತದೆ ಎಂದರು. ಅದನ್ನು ‘ತೀರಾ ಎಡಪಂಥೀಯ ಪತ್ರಿಕೆ’ ಎಂದು ಟ್ರಂಪ್ ಕರೆದರು. ಸುಮಾರು 200 ಇವ್ಯಾಂಜೆಲಿಕಲ್ ಮುಖಂಡರು ಖಂಡಿಸಿ ಪತ್ರ ಬರೆದರು. ಸದರ್ನ್ ಬ್ಯಾಪ್ಟಿಸ್ಟರ ನೀತಿ ವಿಭಾಗದ ಮುಖ್ಯಸ್ಥರಾಗಿದ್ದ ರಸಲ್ ಮೂರ್ 2016ರಿಂದಲೂ ಇದನ್ನೇ ಹೇಳುತ್ತಿದ್ದರು. ಚರ್ಚುಗಳು ಹಣ ನಿಲ್ಲಿಸುವ ಬೆದರಿಕೆ ಹಾಕಿದವು. 2021ರಲ್ಲಿ ಅವರು ಆ ಪಂಗಡವನ್ನೇ ಬಿಟ್ಟು ಹೊರಬಂದರು. 1998ರ ನಿರ್ಣಯಕ್ಕೆ ಕಟ್ಟುಬಿದ್ದ ಮನುಷ್ಯನಿಗೆ ಆ ನಿರ್ಣಯ ಮಾಡಿದ ಮನೆಯಲ್ಲೇ ಜಾಗವಿರಲಿಲ್ಲ. ಇಂಥವರು ಸಂಖ್ಯೆಯಲ್ಲಿ ಕಡಿಮೆ, ಚುನಾವಣೆ ಗೆಲ್ಲಿಸಲಾರರು. ಆದರೆ ಅಮೆರಿಕದ ಸಂಪ್ರದಾಯವಾದಿ ಟೀಕೆಯಲ್ಲಿ ಉಳಿಸಿಕೊಳ್ಳಬೇಕಾದದ್ದು ಏನಿದೆಯೋ ಅದು ಇವರ ಬಳಿ ಉಳಿದಿದೆ.

ಮಾತು ಮುಗಿದ ಮೇಲೆ ಸಭೆಯಲ್ಲಿ ಒಬ್ಬ ತಾಯಿ ಕೇಳಿದ ಪ್ರಶ್ನೆಯನ್ನೂ ನನ್ನ ಉತ್ತರವನ್ನೂ ಇಲ್ಲಿ ಸೇರಿಸುತ್ತಿದ್ದೇನೆ. “ಸರ್, ನಮ್ಮ ಮಗಳು ಅಳಿಯ ಅಲ್ಲೇ ಇದ್ದಾರೆ. ಅಲ್ಲಿರೋ ನಮ್ಮೋರಿಗೂ ಇದೇ ಚಿಂತೆ ಇರುತ್ತಲ್ವಾ? ಅವರು ಯಾವ ಕಡೆ?” ಎಂದು ಅವರು ಕೇಳಿದರು.

ಚಿಂತೆ ಇದೆ ಅಮ್ಮ. ಮಕ್ಕಳ ಓದು, ಮದುವೆ, ವಯಸ್ಸಾದವರನ್ನು ನೋಡಿಕೊಳ್ಳುವುದು ಇವುಗಳಲ್ಲಿ ಅಲ್ಲಿರುವ ನಮ್ಮ ಕುಟುಂಬಗಳ ಮನಸ್ಸು ಎಷ್ಟೋ ಸಲ ಅಮೆರಿಕದ ಸಂಪ್ರದಾಯವಾದಿಗಳ ಮನಸ್ಸಿಗೆ ಹತ್ತಿರ. ಮತ ಮಾತ್ರ ಹೆಚ್ಚಿನಂಶ ಇನ್ನೊಂದು ಕಡೆ ಬೀಳುತ್ತದೆ. ಈಚೆಗೆ ಆ ಅಂತರ ಸ್ವಲ್ಪ ಕಡಿಮೆಯಾಗಿದ್ದರೂ 2024ರಲ್ಲೂ ಭಾರತೀಯ ಮೂಲದವರಲ್ಲಿ ಬಹುಪಾಲು ಮಂದಿ ಡೆಮಾಕ್ರಟಿಕ್ ಪಕ್ಷದ ಕಡೆಗೇ ಇದ್ದರು ಎಂದು ಸಮೀಕ್ಷೆಗಳು ಹೇಳುತ್ತವೆ. ಯಾಕೆ ಎನ್ನುವುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. 2024ರ ಡಿಸೆಂಬರ್ 26ರಂದು, ಬೆಂಗಳೂರಿನ ಎಷ್ಟೋ ಮನೆಗಳಿಗೆ ಸಂಬಂಧಿಸಿದ ಎಚ್-1ಬಿ ವೀಸಾದ ಜಗಳ ಜೋರಾಗಿದ್ದಾಗ, ವಿವೇಕ್ ರಾಮಸ್ವಾಮಿ ಒಂದು ಬರಹ ಹಾಕಿದರು. ಕೇರಳದಿಂದ ವಲಸೆ ಹೋದ ದಂಪತಿಯ ಮಗ, ರಿಪಬ್ಲಿಕನ್ ಪಕ್ಷದವರು, ಟ್ರಂಪ್ ಬೆಂಬಲಿಗರು. ಅಮೆರಿಕದ ಸಂಸ್ಕೃತಿ ಬಹಳ ಕಾಲದಿಂದ ಸಾಧಾರಣವನ್ನು ಮೆರೆಸಿದೆ, ಗಣಿತ ಒಲಿಂಪಿಯಾಡ್ ಗೆದ್ದವನಿಗಿಂತ ಶಾಲೆಯ ಪಾರ್ಟಿಯ ಸುಂದರಿಗೆ ಹೆಚ್ಚು ಬೆಲೆ ಕೊಡುವ ಸಂಸ್ಕೃತಿಯಿಂದ ಒಳ್ಳೆಯ ಎಂಜಿನಿಯರುಗಳು ಹುಟ್ಟುವುದಿಲ್ಲ ಎಂದರು. ಉದಾಹರಣೆಗೆ 90ರ ದಶಕದ ಟಿ.ವಿ. ಹಾಸ್ಯ ಧಾರಾವಾಹಿಗಳ ಪಾತ್ರಗಳನ್ನು ತೆಗೆದುಕೊಂಡರು, ಕ್ವೇಲ್ ತೆಗೆದುಕೊಂಡ ಹಾಗೆಯೇ.

ಐವತ್ತು ವರ್ಷದಿಂದ ನಮ್ಮ ಸಂಸ್ಕೃತಿ ಕೆಟ್ಟಿದೆ ಎನ್ನುತ್ತಿದ್ದ ಪಾಳೆಯವೇ ಅವರ ಮೇಲೆ ಮುಗಿಬಿತ್ತು. ಅಮೆರಿಕದ ಸಂಸ್ಕೃತಿಯಲ್ಲಾಗಲಿ ಕೆಲಸಗಾರರಲ್ಲಾಗಲಿ ಏನೂ ಕೊರತೆಯಿಲ್ಲ ಎಂದು ಉತ್ತರ ಕೊಟ್ಟವರಲ್ಲಿ ನಿಕ್ಕಿ ಹೇಲಿ ಒಬ್ಬರು, ಅವರೂ ರಿಪಬ್ಲಿಕನ್ ಪಕ್ಷದವರು, ಪಂಜಾಬಿನಿಂದ ಹೋದ ದಂಪತಿಯ ಮಗಳು. ರಾಮಸ್ವಾಮಿ ಹೇಳಿದ್ದನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅದೇ ವರ್ಷ ಜುಲೈನಲ್ಲಿ ಇಂಗ್ಲೆಂಡಿನ ಬಾತ್ ನಗರದಲ್ಲಿ ನಡೆದ ಅಂತರರಾಷ್ಟ್ರೀಯ ಗಣಿತ ಒಲಿಂಪಿಯಾಡ್‌ನಲ್ಲಿ ಚೀನಾವನ್ನು ಹಿಂದಿಕ್ಕಿ ಮೊದಲ ಸ್ಥಾನ ಪಡೆದದ್ದು ಅಮೆರಿಕದ ತಂಡವೇ. ಅವರ ವಾದಕ್ಕೆ ಹೀಗೆ ಉತ್ತರ ಕೊಡಬಹುದಿತ್ತು. ನಾನು ಓದಿದ ಪ್ರತಿಕ್ರಿಯೆಗಳಲ್ಲಿ ಹೆಚ್ಚಿನವು ಕೇಳಿದ್ದು, ನಮ್ಮ ಸಂಸ್ಕೃತಿಯ ಬಗ್ಗೆ ಮಾತಾಡಲು ನೀನು ಯಾರು ಎಂದು. ರಾಮಸ್ವಾಮಿ ಹುಟ್ಟಿ ಬೆಳೆದದ್ದು ಒಹಾಯೋ ರಾಜ್ಯದ ಸಿನ್ಸಿನಾಟಿಯಲ್ಲಿ.